ನಿಮಗಿದು ಗೊತ್ತೇ? ಅಕ್ಷರ ನಾಲ್ಕೇ, ಕಾಗುಣಿತ ನೂರೆಪ್ಪತ್ತು!

ತೆಲಂಗಾಣದ ದಾಮರಗಿದ್ದದ ಸೀಮೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಗುವಿನ ಕೈಗೆ ಬಳಪ ಕೊಟ್ಟು ‘ಗ’ ಬರೆಯಲು ಹೇಳಿ. ಕಮಾನಿನಂಥ ಮೈ ಬರೆದು, ನೆತ್ತಿಯ ಮೇಲೆ ಅಡ್ಡಗೆರೆಯ ತಲೆಕಟ್ಟು ಎಳೆಯುತ್ತದೆ. ಅದೇ ಮಗು ತೆಲುಗು ಪಾಠದಲ್ಲಿ ಅದೇ ಕಮಾನಿಗೆ ಅಡ್ಡಗೆರೆಯ ಬದಲು ಸರಿ ಗುರುತಿನಂಥ ಪುಟ್ಟ ತಲಕಟ್ಟು ಹಾಕುತ್ತದೆ. ಮೈ ಒಂದೇ, ತಲೆಯ ಗುರುತು ಬದಲಾದರೆ ಭಾಷೆಯೇ ಬೇರೆ. ಇನ್ನು ಕಾಗುಣಿತ ಹತ್ತಿತೋ, ಗಾಳಿ ಗೂಳಿಯಾಗುತ್ತದೆ, ಗೂಳಿ ಗೋಳಿಯಾಗುತ್ತದೆ.

ನಮ್ಮ ಮೈಯ ಜೀವಕೋಶಗಳ ಒಳಗೂ ಇಂಥದೇ ಬರವಣಿಗೆ ಹಗಲಿರುಳು ನಡೆದಿದೆ. ಅದರ ಹೆಸರು ಆರ್‌ಎನ್‌ಎ. ಅದಕ್ಕೆ ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಆದರೆ ಬರೆದು ಮುಗಿದ ಮೇಲೆ ಕಿಣ್ವಗಳು ಬಂದು ಅಲ್ಲೊಂದು ಮಿಥೈಲ್ ಗುಂಪು ಅಂಟಿಸಿ, ಇಲ್ಲೊಂದು ಗಂಧಕದ ಪರಮಾಣು ಸಿಕ್ಕಿಸಿ, ಮತ್ತೊಂದು ಅಕ್ಷರವನ್ನೇ ತಿರುಗಿಸಿ ಕೂರಿಸುತ್ತವೆ. ಈವರೆಗೆ ಸಿಕ್ಕ ಇಂಥ ರಾಸಾಯನಿಕ ಗುರುತುಗಳು ಸುಮಾರು 170 ಬಗೆ. ಪುಸ್ತಕಗಳು ನಾಲ್ಕು ಅಕ್ಷರಕ್ಕೆ ನಿಂತುಬಿಡುತ್ತವೆ. ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಈ ಕಾಗುಣಿತದಲ್ಲೇ ಇದೆ.

● ಮೊದಲು ಸಿಕ್ಕ ಗುರುತು ‘ಐದನೆಯ ಅಕ್ಷರ’. 1951ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ವಾಲ್ಡೋ ಕೋನ್ ಮತ್ತು ಎಲಿಯಟ್ ವೋಲ್ಕಿನ್ ಅವರ ಕಣ್ಣಿಗೆ ಬಿತ್ತು. ಆಮೇಲೆ ಇಟ್ಟ ಹೆಸರು ಸ್ಯೂಡೋಯೂರಿಡಿನ್, ಅಂದರೆ ಸೋಗಿನ ಯು. ಪರಮಾಣು ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಯು ಅಕ್ಷರವನ್ನು ಕಿತ್ತು, ತಿರುಗಿಸಿ, ಬೇರೆ ಮೂಲೆಯಿಂದ ಸಕ್ಕರೆಗೆ ಅಂಟಿಸಿದಂತೆ. ಇದರ ಚಿಹ್ನೆ ತ್ರಿಶೂಲದಂತೆ ಕಾಣುವ ಗ್ರೀಕ್ ಅಕ್ಷರ ‘ಸೈ’. ಈ ಹೊಸ ಬೆಸುಗೆಯನ್ನು ಬಿಡಿಸುವ ಶಕ್ತಿ ನಮ್ಮ ದೇಹಕ್ಕಿಲ್ಲ. ಆದ್ದರಿಂದ ಆರ್‌ಎನ್‌ಎ ಸವೆದ ಮೇಲೆ ಈ ಅಕ್ಷರ ಇಡಿಯಾಗಿ ಮೂತ್ರದಲ್ಲಿ ಹೊರಹೋಗುತ್ತದೆ.

● ಶೇಂದಿಯನ್ನು ಹುಳಿ ಬರಿಸುವ ಯೀಸ್ಟ್ ಗೊತ್ತಲ್ಲ? ಅದರ ಜಾತಿಯದೇ ಆದ ಬ್ರೆಡ್ ಯೀಸ್ಟನ್ನು ರಾಬರ್ಟ್ ಹಾಲಿ 140 ಕಿಲೋ ತರಿಸಿ, ಸೋಸಿ ಸೋಸಿ, ಕೊನೆಗೆ ಉಳಿಸಿಕೊಂಡದ್ದು 1 ಗ್ರಾಂ ಆರ್‌ಎನ್‌ಎ. ಅಲನಿನ್ ಎಂಬ ಅಮೈನೋ ಆಮ್ಲವನ್ನು ಹೊತ್ತು ತರುವ ಟಿ-ಆರ್‌ಎನ್‌ಎ ಅದು. 1965ರಲ್ಲಿ ಅದರ 77 ಅಕ್ಷರಗಳನ್ನು ಸಾಲಾಗಿ ಓದಿ ಪ್ರಕಟಿಸಿದರು. ಪೂರ್ತಿ ಓದಿದ ಮೊದಲ ನ್ಯೂಕ್ಲಿಯಿಕ್ ಆಮ್ಲ ಅದೇ. ಸಾಲಿನ ನಡುನಡುವೆ ಗುರುತು ಹೊತ್ತ ವಿಚಿತ್ರ ಅಕ್ಷರಗಳಿದ್ದವು. ತುಂಡುಗಳನ್ನು ಯಾವುದರ ಪಕ್ಕ ಯಾವುದೆಂದು ಜೋಡಿಸಲು ಆ ವಿಚಿತ್ರಗಳೇ ಮೈಲಿಗಲ್ಲಾಗಿ ಒದಗಿದವು. 1968ರ ನೊಬೆಲ್ ಪ್ರಶಸ್ತಿಯನ್ನು ಹಾಲಿ ಹಂಚಿಕೊಂಡದ್ದು ನೈರೆನ್‌ಬರ್ಗ್ ಮತ್ತು ನಮ್ಮ ಹರಗೋಬಿಂದ ಖೊರಾನಾ ಅವರ ಜೊತೆ. ಇದೇ ಟಿ-ಆರ್‌ಎನ್‌ಎಯ ಜೀನನ್ನು 1970ರಲ್ಲಿ ರಸಾಯನಗಳಿಂದಲೇ ಕಟ್ಟಿ ನಿಲ್ಲಿಸಿದವರು ಖೊರಾನಾ.

● ಆ ವಿಚಿತ್ರ ಅಕ್ಷರಗಳಲ್ಲಿ ಒಂದು ಇನೋಸಿನ್. ಉಳಿದವು ಒಂದೆರಡು ಅಕ್ಷರಗಳ ಜೊತೆ ಜೋಡಿಯಾದರೆ, ಇದು ಯು, ಸಿ, ಎ ಮೂರರ ಜೊತೆಗೂ ಕೈ ಜೋಡಿಸುತ್ತದೆ. ನಾರಾಯಣಪೇಟೆಯ ಸಂತೆಯಲ್ಲಿ ಬಂದ ಗಿರಾಕಿ ನೋಡಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ದರ ಹೇಳುವ ವ್ಯಾಪಾರಿಯಂತೆ. ಒಂದೇ ಟಿ-ಆರ್‌ಎನ್‌ಎ ಹಲವು ಸಂಕೇತಗಳನ್ನು ಹೇಗೆ ಓದುತ್ತದೆ ಎಂಬ ಫ್ರಾನ್ಸಿಸ್ ಕ್ರಿಕ್ ಅವರ 1966ರ ವಿವರಣೆಯಲ್ಲಿ ಈ ಇನೋಸಿನ್‌ಗೆ ದೊಡ್ಡ ಪಾಲಿದೆ.

● ಸಂದೇಶ ಒಯ್ಯುವ ಎಂ-ಆರ್‌ಎನ್‌ಎಗೂ ತಲೆಕಟ್ಟು ಉಂಟು! ಎಳೆಯ ನೆತ್ತಿಗೆ ಮಿಥೈಲ್ ಹೊತ್ತ ಒಂದು ಜಿ ಅಕ್ಷರವನ್ನು ತಲೆಕೆಳಗಾಗಿ ಬೆಸೆದಿರುತ್ತದೆ. 1975ರಲ್ಲಿ ಅಮೆರಿಕದ ರೋಶ್ ಸಂಸ್ಥೆಯಲ್ಲಿ ಯಾಸುಹಿರೋ ಫುರುಯಿಚಿ, ಆರನ್ ಶಾಟ್ಕಿನ್ ತಂಡ ಇದನ್ನು ವೈರಸ್ ಒಂದರ ಆರ್‌ಎನ್‌ಎಯಲ್ಲಿ ಬಿಡಿಸಿ ತೋರಿಸಿತು. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಎಸ್. ಮುತ್ತುಕೃಷ್ಣನ್ ಎಂಬ ಭಾರತೀಯ ಹೆಸರೂ ಇದೆ. ತಲೆಕಟ್ಟಿಲ್ಲದ ಆರ್‌ಎನ್‌ಎ ಜೀವಕೋಶದಲ್ಲಿ ಬಹುಕಾಲ ಬಾಳುವುದಿಲ್ಲ, ಮೂಲೆ ಸೇರಿ ಸವೆದುಹೋಗುತ್ತದೆ.

● ಫ್ಲೂ ವೈರಸ್ ತಲೆಕಟ್ಟಿನ ಕಳ್ಳ. ನಮ್ಮ ಆರ್‌ಎನ್‌ಎಗಳ ತಲೆಯನ್ನು ಕತ್ತರಿಸಿ ತನ್ನ ಸಂದೇಶಕ್ಕೆ ಹೊಲಿದುಕೊಳ್ಳುತ್ತದೆ. ಶೇಂಗಾ ಬೆಳೆಯ ಕುಡಿ ಒಣಗಿಸುವ ರೋಗವನ್ನು ಥ್ರಿಪ್ಸ್ ನುಸಿಗಳು ಹೊಲದಿಂದ ಹೊಲಕ್ಕೆ ಹೊತ್ತೊಯ್ಯುತ್ತವೆ. ಆ ರೋಗ ತರುವ ವೈರಸ್ ಸೇರಿದ ಟೊಸ್ಪೊ ಗುಂಪಿನದೂ ಇದೇ ಕಸುಬು.

● 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಕದಿಯುವ ಗೋಜಿಗೆ ಹೋಗದ ಗುಂಪಿನದು. ಡೆಂಗಿಯೂ ಅದೇ ಕುಲ. ಮಿಥೈಲ್ ಹಚ್ಚುವ ಕಿಣ್ವವನ್ನು ಈ ಕುಲದ ವೈರಸ್‌ಗಳು ತಾವೇ ಜೊತೆಗೆ ತಂದಿರುತ್ತವೆ. ನಮ್ಮ ತಲೆಕಟ್ಟನ್ನೇ ಹೋಲುವ ತಲೆಕಟ್ಟು ಕಟ್ಟಿಕೊಂಡು ದೇಹದ ಕಾವಲುಗಾರ ಪ್ರೋಟೀನುಗಳ ಎದುರೇ ದಾಟಿಹೋಗುತ್ತವೆ.

● ಈಗ ಸ್ವಲ್ಪ ನಿಧಾನವಾಗಿ ಓದಿ. ಇದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರಜ್ಞ ಉಮೇಶ್ ವಾರ್ಷ್ಣೇಯ ಅವರ ಪ್ರಯೋಗಾಲಯದಲ್ಲಿ ನಡೆದ ಸಂಗತಿ.

ಪ್ರೋಟೀನು ಕಟ್ಟುವ ಕಾರ್ಖಾನೆಗೆ ರೈಬೋಸೋಮ್ ಎಂದು ಹೆಸರು. ಕಟ್ಟಡದ ಮೊದಲ ಇಟ್ಟಿಗೆ ತರಲು ಒಂದು ವಿಶೇಷ ಟಿ-ಆರ್‌ಎನ್‌ಎ ಬರುತ್ತದೆ. ಉಳಿದವು ಬಾಗಿಲಲ್ಲಿ ಕಾಯಬೇಕು, ಇದಕ್ಕೆ ಮಾತ್ರ ನೇರ ಒಳಗೆ ಪ್ರವೇಶ. ಇವನೇ ಆ ವಿಶೇಷದವನು ಎಂದು ರೈಬೋಸೋಮಿಗೆ ತಿಳಿಯುವುದು ಹೇಗೆ? ಅದರ ಕಾಂಡದಲ್ಲಿ ಒಂದರ ಕೆಳಗೊಂದು ಮೂರು ಜಿ-ಸಿ ಜೋಡಿಗಳಿವೆ. ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಈ ಮೂರು ಜೋಡಿ ಬಹುಮಟ್ಟಿಗೆ ಬದಲಾಗಿಲ್ಲ. ಬೆಂಗಳೂರಿನ ತಂಡ ಈ ಜೋಡಿಗಳನ್ನು ಬೇಕೆಂದೇ ಕೆಡಿಸಿ, ಕೆಟ್ಟ ಟಿ-ಆರ್‌ಎನ್‌ಎಯಿಂದಲೂ ಕೆಲಸ ಶುರು ಮಾಡಬಲ್ಲ ಬ್ಯಾಕ್ಟೀರಿಯ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕಿತು.

ಸಿಕ್ಕಿತು. ಆ ಬ್ಯಾಕ್ಟೀರಿಯದಲ್ಲಿ ದೋಷವಿದ್ದದ್ದು ರೈಬೋಸೋಮಿನ ಜೀನಿನಲ್ಲಲ್ಲ, ‘ಫಾಲ್‌ಡಿ’ ಎಂಬ ಜೀನಿನಲ್ಲಿ. ಫೋಲೇಟ್ ಎಂಬ ಜೀವಸತ್ವವನ್ನು ಬಳಸಿಕೊಳ್ಳುವ ಕಿಣ್ವದ ಜೀನು ಅದು. ಕಿಣ್ವದ 122ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಫೋಲೇಟಿನ ಚಕ್ರ ಕುಂಟಿದ್ದರಿಂದ ಮಿಥಿಯೋನಿನ್‌ಗೆ ಬರ ಬಂತು. ಅದರಿಂದ ಎಸ್-ಅಡಿನೋಸಿಲ್ ಮಿಥಿಯೋನಿನ್‌ಗೆ ಬರ ಬಂತು. ಜೀವಕೋಶದಲ್ಲಿ ಮಿಥೈಲ್ ಗುಂಪು ದಾನ ಮಾಡುವ ದಾನಿ ಅದೇ. ದಾನಿಯ ಕೈ ಬರಿದಾದ್ದರಿಂದ ರೈಬೋಸೋಮಿನ ಆರ್‌ಎನ್‌ಎ ಮೇಲೆ ಇರಬೇಕಾದ ಮಿಥೈಲ್ ಗುರುತುಗಳು ಮಾಯವಾಗಿದ್ದವು. ಗುರುತು ಕಳೆದುಕೊಂಡ ರೈಬೋಸೋಮ್ ಬಾಗಿಲ ಕಟ್ಟುನಿಟ್ಟನ್ನು ಸಡಿಲ ಬಿಟ್ಟಿತ್ತು. ಗುರುತು ಹಚ್ಚುವ ಕಿಣ್ವಗಳ ಜೀನುಗಳನ್ನೇ ನೇರವಾಗಿ ಕೆಡಿಸಿ ನೋಡಿದಾಗಲೂ ಈ ಸಂಬಂಧ ಗಟ್ಟಿಯಾಯಿತು. 2008ರಲ್ಲಿ ‘ಎಂಬೋ ಜರ್ನಲ್’ನಲ್ಲಿ ಇದು ಪ್ರಕಟವಾಯಿತು. ಜೀವಸತ್ವ ಎಲ್ಲೋ, ಪ್ರೋಟೀನಿನ ಮೊದಲ ಇಟ್ಟಿಗೆ ಎಲ್ಲೋ. ನಡುವಿನ ಇಷ್ಟುದ್ದದ ಸರಪಳಿಯನ್ನು ಒಂದೊಂದೇ ಕೊಂಡಿ ಹಿಡಿದು ನಡೆದವರ ತಾಳ್ಮೆಗೆ ನಾನಂತೂ ಮನಸೋತಿದ್ದೇನೆ.

● ಆ ಫೋಲೇಟಿನ ಕಥೆಗೂ ನಮ್ಮ ನೆಲದ ನಂಟಿದೆ. ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆಯನ್ನು ಯೀಸ್ಟ್ ಸಾರ ಗುಣಪಡಿಸುತ್ತದೆ ಎಂದು ಲೂಸಿ ವಿಲ್ಸ್ ಎಂಬ ವೈದ್ಯೆ 1931ರಲ್ಲಿ ಪ್ರಕಟಿಸಿದ್ದು ಮುಂಬಯಿಯ ಬಡ ಹೆಂಗಸರ ನಡುವೆ ಮಾಡಿದ ಕೆಲಸದಿಂದ. ಆ ಸಾರದಲ್ಲಿದ್ದದ್ದು ಫೋಲಿಕ್ ಆಮ್ಲ. 1940ರ ದಶಕದಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ಲೆಡರ್ಲೆ ಕಂಪನಿಯ ತಂಡದ ಮುಂದಾಳು, 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

● ಇಂದು ಆಶಾ ಕಾರ್ಯಕರ್ತೆ ಗರ್ಭಿಣಿಯ ಕೈಗಿಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹೈಸ್ಕೂಲಿನ ಹುಡುಗ ಹುಡುಗಿಯರಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲೂ ಇವೆರಡೇ. ಅವು ರಕ್ತ ತುಂಬಲು, ಹೊಸ ಜೀವಕೋಶ ಹುಟ್ಟಲು ಬೇಕು. ಬೆಂಗಳೂರಿನಲ್ಲಿ ಕಂಡದ್ದು ಬ್ಯಾಕ್ಟೀರಿಯದ ಸಂಗತಿ, ಮಾತ್ರೆಯ ಫಲವೆಂದು ಅದನ್ನು ಎಣಿಸಬಾರದು. ಆದರೆ ಫೋಲೇಟಿನಿಂದ ಮಿಥೈಲ್‌ಗೆ ಹೋಗುವ ದಾರಿ ನಮ್ಮ ಮೈಯಲ್ಲೂ ಇದೆ. ಮನೆಯಲ್ಲಿ ಬಸುರಿ ಇದ್ದರೆ ಆ ಮಾತ್ರೆ ತಪ್ಪಿಸಬೇಡಿ.

● ಚಿಕ್ಕಮಗಳೂರಿನ ಕಾಫಿ ಗಿಡ ಕೆಫೀನ್ ತಯಾರಿಸುವಾಗ ಮೂರು ಮಿಥೈಲ್ ಗುಂಪು ಬೇಡುವುದೂ ಎಸ್-ಅಡಿನೋಸಿಲ್ ಮಿಥಿಯೋನಿನ್ ಎಂಬ ಅದೇ ದಾನಿಯ ಹತ್ತಿರ.

● ಇ. ಕೋಲಿ ಬ್ಯಾಕ್ಟೀರಿಯದ ರೈಬೋಸೋಮಿನ ಆರ್‌ಎನ್‌ಎಯಲ್ಲಿ ಗುರುತು ಹೊತ್ತ ಅಕ್ಷರ 36. ಮನುಷ್ಯನ ರೈಬೋಸೋಮಿನಲ್ಲಿ 200ಕ್ಕೂ ಹೆಚ್ಚು. ನಮ್ಮ ಒಂದೊಂದು ಟಿ-ಆರ್‌ಎನ್‌ಎ ಮೇಲೆ ಸರಾಸರಿ 13.

● ಜುರಾಲಾದ ನೀರು, ನಾರಾಯಣಪುರ ಕಾಲುವೆಯ ನೀರು ಕಂಡ ಗದ್ದೆಗಳಲ್ಲಿ ಭತ್ತಕ್ಕೆ ಬೆಂಕಿ ರೋಗ ತಗಲುವುದುಂಟು. ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಇದಕ್ಕೆ ಹೊಡೆಯುವ ಔಷಧಗಳಲ್ಲಿ ಒಂದು ಕಾಸುಗಾಮೈಸಿನ್. ಹಮಾವೊ ಉಮೆಜಾವಾ 1965ರಲ್ಲಿ ಇದನ್ನು ಹೊರತಂದರು. ಔಷಧ ಸುರಿಸುವ ಸೂಕ್ಷ್ಮಜೀವಿ ಸಿಕ್ಕಿದ್ದು ಜಪಾನಿನ ನಾರಾ ಊರಿನ ಕಾಸುಗಾ ದೇಗುಲದ ಹತ್ತಿರದ ಮಣ್ಣಿನಲ್ಲಿ, ಅದಕ್ಕೇ ಈ ಹೆಸರು.

ಈ ಔಷಧಕ್ಕೂ ಸಾಯದ ಬ್ಯಾಕ್ಟೀರಿಯಗಳನ್ನು 1971ರಲ್ಲಿ ಪರೀಕ್ಷಿಸಿದಾಗ ಸಿಕ್ಕ ಉತ್ತರ ಮಜವಾಗಿತ್ತು. ರೈಬೋಸೋಮಿನಲ್ಲಿ ಅಕ್ಕಪಕ್ಕ ಕೂತ ಎರಡು ಎ ಅಕ್ಷರಗಳ ಮೇಲೆ ತಲಾ ಎರಡು ಮಿಥೈಲ್ ಇರಬೇಕಿತ್ತು, ಇರಲಿಲ್ಲ. ಗುರುತು ಅಳಿಸಿಕೊಂಡೇ ಬದುಕಿದ್ದವು. ಅದೇ 1971ರಲ್ಲಿ ಎರಿಥ್ರೋಮೈಸಿನ್‌ಗೆ ಬಗ್ಗದ ಸ್ಟೆಫಿಲೊಕಾಕಸ್‌ನಲ್ಲಿ ಕಂಡದ್ದು ಇದರ ತಿರುವು: ಇರಬಾರದ ಕಡೆ ಮಿಥೈಲ್ ಅಂಟಿಸಿಕೊಂಡು, ಔಷಧ ಕೂರುವ ಜಾಗವನ್ನೇ ಮುಚ್ಚಿಬಿಟ್ಟಿತ್ತು. ಒಂದು ಗುರುತು ಕಳೆದು ಉಳಿಯಿತು, ಇನ್ನೊಂದು ಗುರುತು ಪಡೆದು ಉಳಿಯಿತು. ವೈದ್ಯರು ಬರೆದಷ್ಟು ದಿನ ಮಾತ್ರೆ ನುಂಗದೆ ಎರಡೇ ದಿನಕ್ಕೆ ಬಿಡುವವರು, ವೈದ್ಯರನ್ನೇ ಕೇಳದೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವವರು ಇದನ್ನು ಮತ್ತೊಮ್ಮೆ ಓದಬೇಕು.

● ಆ ಎರಡು ಎ ಅಕ್ಷರಗಳಿಗೆ ಮಿಥೈಲ್ ಹಚ್ಚುವ ಕಿಣ್ವದ ಬಳಗ ಬ್ಯಾಕ್ಟೀರಿಯ, ಯೀಸ್ಟ್, ಮನುಷ್ಯ ಎಲ್ಲರಲ್ಲೂ ಇದೆ. ಕೋಟಿಗಟ್ಟಲೆ ವರ್ಷಗಳಿಂದ ಕೈಬಿಡದ ಗುರುತು ಅದು.

● ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ರಾಜನ್ ಶಂಕರನಾರಾಯಣನ್ ಅವರ ಕೆಲಸ ಟಿ-ಆರ್‌ಎನ್‌ಎಯ ಬಾಲದ ತುದಿಯದು. ಅಮೈನೋ ಆಮ್ಲಗಳಲ್ಲಿ ಎಡಗೈ, ಬಲಗೈ ಎಂಬ ಎರಡು ಬಗೆ. ಜೀವಿಗಳ ಪ್ರೋಟೀನಿಗೆ ಎಡಗೈಯವೇ ಬೇಕು. ತಪ್ಪಿ ಬಲಗೈಯದು ಟಿ-ಆರ್‌ಎನ್‌ಎಗೆ ಅಂಟಿಕೊಂಡರೆ ಡಿಟಿಡಿ ಎಂಬ ಕಿಣ್ವ ಅದನ್ನು ಕಿತ್ತೆಸೆಯುತ್ತದೆ. ಸರಿಯಾದದ್ದನ್ನೇ ತಪ್ಪೆಂದು ಕಿತ್ತರೆ ಗತಿಯೇನು? ಆ ಕಿಣ್ವದ ಬಾಯಿಯ ರಚನೆ ಎಡಗೈ ಬಗೆಗೆ ಕೂರಲು ಜಾಗವನ್ನೇ ಕೊಡುವುದಿಲ್ಲ ಎಂಬುದನ್ನು ಅವರ ತಂಡ ಪರಮಾಣುವಿನ ಮಟ್ಟದಲ್ಲಿ ತೋರಿಸಿತು. ಅವರಿಗೆ 2020ರ ಇನ್ಫೋಸಿಸ್ ಪ್ರಶಸ್ತಿ ಬಂತು. ಪಿಎಚ್.ಡಿ. ಮಾಡಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಬಿಡಿಸಿದ ಮೊದಲ ದೊಡ್ಡ ರಚನೆ ಏನು ಗೊತ್ತೇ? ಹಲಸಿನ ಬೀಜದ ಪ್ರೋಟೀನು ಜಾಕಲಿನ್, 1996ರಲ್ಲಿ.

● ನಮ್ಮ ಟಿ-ಆರ್‌ಎನ್‌ಎಗಳಲ್ಲಿರುವ ಕ್ಯೂಯೋಸಿನ್ ಎಂಬ ಗುರುತಿನ ಕಚ್ಚಾ ಸಾಮಗ್ರಿ ನಮ್ಮ ಮೈಯಲ್ಲಿ ತಯಾರಾಗುವುದೇ ಇಲ್ಲ. ಕರುಳಿನ ಬ್ಯಾಕ್ಟೀರಿಯಗಳು ಮಾಡಿ ಕೊಡಬೇಕು, ಇಲ್ಲವೇ ಹಾಲು, ಗೋಧಿ, ಟೊಮೆಟೊ ಮುಂತಾದ ಆಹಾರದಿಂದ ಬರಬೇಕು. ಜೀವಕೋಶದೊಳಗೆ ಅದು ನುಸುಳುವ ಬಾಗಿಲು ಯಾವುದೆಂದು ತಿಳಿದದ್ದು 2025ರಲ್ಲಷ್ಟೇ.

● ಅಂಗಾಂಶ ಕೃಷಿಯ ಬಾಳೆ ಸಸಿ ಬಾಟಲಿಯಲ್ಲಿ ಚಿಗುರೊಡೆಯಲು ಸೈಟೋಕಿನಿನ್ ಹಾರ್ಮೋನು ಬೇಕು. ಸಸ್ಯಗಳಲ್ಲಿ ಸಹಜವಾಗಿ ಸಿಗುವ ಈ ಜಾತಿಯ ಹಾರ್ಮೋನುಗಳ ಮೈಯೂ ಟಿ-ಆರ್‌ಎನ್‌ಎಯ ಒಂದು ಗುರುತಿನ ಅಕ್ಷರವೂ ಒಂದೇ ಅಚ್ಚು. ಆ ಹಾರ್ಮೋನುಗಳಲ್ಲಿ ಹೆಸರಾಂತ ಜಿಯಾಟಿನ್ 1963ರಲ್ಲಿ ಸಿಕ್ಕಿದ್ದು ಎಳೆಯ ಮೆಕ್ಕೆಜೋಳದ ಕಾಳಿನಲ್ಲಿ.

● ಒಂದೇ ಜೀನು, ಎರಡು ಪ್ರೋಟೀನು. ಕೊಬ್ಬು ಹೊರುವ ಎಪೊ-ಬಿ ಪ್ರೋಟೀನು ಯಕೃತ್ತಿನಲ್ಲಿ 4536 ಅಮೈನೋ ಆಮ್ಲ ಉದ್ದ, ಕರುಳಿನಲ್ಲಿ 2152 ಮಾತ್ರ. ಕರುಳಿನ ಕಿಣ್ವವೊಂದು ಆರ್‌ಎನ್‌ಎಯ ಒಂದು ಸಿ ಅಕ್ಷರವನ್ನು ಯು ಆಗಿ ತಿದ್ದಿಬಿಡುತ್ತದೆ; ಅಲ್ಲಿಗೆ ಪೂರ್ಣವಿರಾಮ ಬೀಳುತ್ತದೆ. 1987ರಲ್ಲಿ ತಿಳಿಯಿತು.

● ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿಸುವ ಜೀನುಗಳಲ್ಲಿ ಸಿಡಿಕೆ‌ಎಎಲ್1 ಒಂದು. ಲೈಸಿನ್ ತರುವ ಟಿ-ಆರ್‌ಎನ್‌ಎಗೆ ಗಂಧಕದ ಗುರುತು ಹಾಕುವುದು ಅದರ ಕೆಲಸ. ಗುರುತು ತಪ್ಪಿದ ಇಲಿಗಳಲ್ಲಿ ಲೈಸಿನ್‌ನ ಸಂಕೇತ ತಪ್ಪಾಗಿ ಓದಿಹೋಗಿ ಇನ್ಸುಲಿನ್ ಸರಿಯಾಗಿ ಪಕ್ವವಾಗದೆ ಉಳಿದದ್ದು 2011ರಲ್ಲಿ ವರದಿಯಾಯಿತು.

● ಎತ್ತಿನ ಪಿತ್ತದಲ್ಲಿ 1827ರಲ್ಲಿ ಸಿಕ್ಕ ಟಾರಿನ್ ಕೂಡ ಒಂದು ಆರ್‌ಎನ್‌ಎ ಗುರುತು! ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಟಿ-ಆರ್‌ಎನ್‌ಎ ಮೇಲೆ ಅದು ಅಂಟಿರುತ್ತದೆ. ಅಂಟದೆ ಹೋದರೆ ಮೆಲಾಸ್ ಎಂಬ ನರ-ಸ್ನಾಯು ಕಾಯಿಲೆಗೆ ದಾರಿ.

● ಚಳಿ ಬಿದ್ದರೆ ನಾವು ಕಂಬಳಿ ಹೊದೆಯುತ್ತೇವೆ, ಅಷ್ಟಪದಿ ತನ್ನ ಆರ್‌ಎನ್‌ಎ ತಿದ್ದಿಕೊಳ್ಳುತ್ತದೆ. ಕ್ಯಾಲಿಫೋರ್ನಿಯದ ಒಂದು ಜಾತಿಯನ್ನು ತಣ್ಣೀರಿಗೆ ಬಿಟ್ಟಾಗ 13,000ಕ್ಕೂ ಹೆಚ್ಚು ಕಡೆ ತಿದ್ದುಪಡಿ ಏರಿತು ಎಂದು 2023ರ ಅಧ್ಯಯನ ತೋರಿಸಿತು. ಎಲ್ಲವೂ ಎ ಇದ್ದ ಕಡೆ ಇನೋಸಿನ್, ಅದೇ ನಮ್ಮ ಸಂತೆಯ ವ್ಯಾಪಾರಿ.

● 1951ರ ಐದನೆಯ ಅಕ್ಷರಕ್ಕೆ ಜಗತ್ತೇ ಋಣಿಯಾದದ್ದು ಕೋವಿಡ್ ಕಾಲದಲ್ಲಿ. ಹೊರಗಿನಿಂದ ಬರಿ ಆರ್‌ಎನ್‌ಎ ಚುಚ್ಚಿದರೆ ದೇಹ ಶತ್ರುವೆಂದು ಉರಿದೇಳುತ್ತದೆ; ಯು ಬದಲು ಸ್ಯೂಡೋಯೂರಿಡಿನ್ ಇಟ್ಟರೆ ಸುಮ್ಮನಿರುತ್ತದೆ ಎಂದು 2005ರಲ್ಲಿ ಕಂಡುಕೊಂಡವರು ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್. 2023ರ ನೊಬೆಲ್ ಅವರಿಗೆ ಬಂತು. ಫೈಜರ್ ಲಸಿಕೆಯ 4284 ಅಕ್ಷರಗಳಲ್ಲಿ ಮಾಮೂಲಿ ಯು ಒಂದೂ ಇಲ್ಲ, ಎಲ್ಲ ಕಡೆಯೂ ಮಿಥೈಲ್ ಹೊತ್ತ ಸ್ಯೂಡೋಯೂರಿಡಿನ್. ನಮ್ಮ ಊರುಗಳಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಈ ಬಗೆಯವಲ್ಲ. ದೇಶದ ಮೊದಲ ಎಂ-ಆರ್‌ಎನ್‌ಎ ಲಸಿಕೆಗೆ, ಪುಣೆಯ ಜೆನೋವಾ ಕಂಪನಿಯದಕ್ಕೆ, ತುರ್ತು ಅನುಮತಿ ಸಿಕ್ಕಿದ್ದು 2022ರ ಜೂನ್‌ನಲ್ಲಿ.

● ಎಂ-ಆರ್‌ಎನ್‌ಎಯ ಒಡಲಲ್ಲಿ ಅತಿ ಹೆಚ್ಚು ಸಿಗುವ ಗುರುತು ಎಂ6ಎ, ಎ ಅಕ್ಷರದ ಮೇಲೊಂದು ಮಿಥೈಲ್. 1974ರಲ್ಲೇ ಸಿಕ್ಕಿತ್ತು. ಆಮೇಲೆ ಮೂರೂವರೆ ದಶಕ ಬಹುಪಾಲು ಮೂಲೆಗೆ ಬಿದ್ದಿತ್ತು. 2011ರಲ್ಲಿ ಷಿಕಾಗೊದ ಚುವಾನ್ ಹೆ ಅವರ ತಂಡ, ಬೊಜ್ಜಿನ ಜೊತೆ ಹೆಸರು ಕೇಳಿಬರುತ್ತಿದ್ದ ಎಫ್‌ಟಿಒ ಎಂಬ ಕಿಣ್ವ ಈ ಗುರುತನ್ನು ಅಳಿಸುತ್ತದೆ ಎಂದು ತೋರಿಸಿತು. ಹಾಕಿದ್ದನ್ನು ಅಳಿಸಲೂ ಬರುತ್ತದೆ ಎಂದಮೇಲೆ ಇದು ಬರೀ ಅಲಂಕಾರವಲ್ಲ, ಆಡಳಿತ! ಮರುವರ್ಷವೇ ಸಾವಿರಾರು ಜೀನುಗಳ ಮೇಲೆ ಅದು ಎಲ್ಲೆಲ್ಲಿದೆ ಎಂಬ ನಕ್ಷೆ ಬಂತು. ಗುರುತು ಹಾಕುವ ಕಿಣ್ವವನ್ನು ತಡೆಯುವ ಔಷಧವೊಂದನ್ನು 2022ರಿಂದ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದಾರೆ.

● ಗಿಡಗಳಲ್ಲಿ ಎಫ್‌ಟಿಒ ಇಲ್ಲ. ಮನುಷ್ಯನ ಎಫ್‌ಟಿಒ ಜೀನನ್ನು ಭತ್ತಕ್ಕೂ ಆಲೂಗಡ್ಡೆಗೂ ಸೇರಿಸಿದಾಗ ಪ್ರಯೋಗದ ಹೊಲದಲ್ಲಿ ಇಳುವರಿ ಸುಮಾರು ಶೇ. 50 ಏರಿತು, ಬೇರು ಆಳಕ್ಕಿಳಿಯಿತು ಎಂದು 2021ರಲ್ಲಿ ವರದಿಯಾಯಿತು. ರಾಯಚೂರಿನ ಸೋನಾ ಮಸೂರಿ ಗದ್ದೆಗೂ ಇದಕ್ಕೂ ಇನ್ನೂ ಬಹಳ ದೂರ.

● ಇಷ್ಟು ಗುರುತುಗಳು ಇಷ್ಟು ಕಾಲ ಕಣ್ತಪ್ಪಿದ್ದೇಕೆ? ಆರ್‌ಎನ್‌ಎ ಓದಲು ಅದನ್ನು ಮೊದಲು ಡಿಎನ್‌ಎಗೆ ನಕಲು ಮಾಡುವುದು ವಾಡಿಕೆ. ಕೋವಿಡ್ ಕಾಲದ ಆರ್‌ಟಿ-ಪಿಸಿಆರ್ ಪರೀಕ್ಷೆಯ ಮೊದಲ ಹೆಜ್ಜೆಯೂ ಅದೇ. ನಕಲು ಮಾಡುವ ಕಿಣ್ವಕ್ಕೆ ಹೆಚ್ಚಿನ ಗುರುತುಗಳು ಕಾಣುವುದಿಲ್ಲ. ಕೊಂಬು, ಒತ್ತು, ತಲೆಕಟ್ಟು ಎಲ್ಲ ಬಿಟ್ಟು ಬರಿ ಮೈಯನ್ನಷ್ಟೇ ಬರೆದುಕೊಳ್ಳುತ್ತದೆ. 2018ರಲ್ಲಿ ಬೇರೊಂದು ದಾರಿ ತೆರೆಯಿತು. ಪೊರೆಯೊಂದರಲ್ಲಿ ಪ್ರೋಟೀನಿನ ಅತಿ ಸಣ್ಣ ತೂತು, ಅದರೊಳಗೆ ವಿದ್ಯುತ್ ಹರಿವು. ನಕಲು ಮಾಡದೆ ಆರ್‌ಎನ್‌ಎ ಎಳೆಯನ್ನೇ ಸೂಜಿಗೆ ದಾರ ಪೋಣಿಸಿದಂತೆ ಆ ತೂತಿನಲ್ಲಿ ತೂರಿಸುತ್ತಾರೆ. ಒಂದೊಂದು ಅಕ್ಷರ ದಾಟುವಾಗಲೂ ವಿದ್ಯುತ್ತು ಒಂದೊಂದು ಅಳತೆಯಲ್ಲಿ ಕುಗ್ಗುತ್ತದೆ. ಎ ದಾಟುವಾಗಿನ ಕುಗ್ಗು ಒಂದು, ಮಿಥೈಲ್ ಹೊತ್ತ ಎ ದಾಟುವಾಗಿನದು ಇನ್ನೊಂದು.